ರಟ್ಟಿನ ಒಳಗೆ ಅಂಟಿಸಿದ ಸಂಖ್ಯೆ

ಕೇಳಿರಿ. ಕೈಯಲ್ಲಿರುವ ಕೆಲಸವನ್ನು ಅರೆಗಳಿಗೆ ಬದಿಗಿಟ್ಟು, ಮನಸ್ಸು ಕೊಟ್ಟು ಕೇಳಿರಿ. ಪುಸ್ತಕ ಕಟ್ಟುವ ಒಬ್ಬ ಮನುಷ್ಯನು ಮನೆಯ ದೂರವಾಣಿಯನ್ನು ಬದಲಾಯಿಸಲು ಹೋಗಿ, ತಾನು ಜನರಿಗೆ ಕೊಟ್ಟ ಮಾತನ್ನೇ ಕಳೆದುಕೊಳ್ಳುವಂತಾದದ್ದನ್ನೂ, ದೇವರ ದಯೆಯಿಂದ ಅದನ್ನು ಮರಳಿ ಪಡೆದದ್ದನ್ನೂ ನಿಮಗೆ ಹೇಳಬೇಕಾಗಿದೆ. ಕೇಳಿ ಮುಗಿಸುವ ಹೊತ್ತಿಗೆ ನಿಮ್ಮ ಎದೆಯೂ ಹಗುರವಾಗಲೆಂದು ಹಾರೈಸುತ್ತೇನೆ.

ಅವರನ್ನು ಬೀದಿಯವರೆಲ್ಲ ಬೈಂಡರ್ ಅಣ್ಣ ಎಂದೇ ಕರೆಯುತ್ತಾರೆ. ಅರವತ್ತು ದಾಟಿದ ವಯಸ್ಸು. ಬಾಡಿಗೆ ಮನೆಯ ಮುಂಗೋಣೆಯೇ ಅವರ ಕೆಲಸದ ಜಾಗ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ತುದಿಗೆ ತಿರುಪಿನಿಂದ ಬಿಗಿಯುವ ಕಬ್ಬಿಣದ ಒತ್ತುಯಂತ್ರ, ಗೋಡೆಗೆ ಒರಗಿಸಿದ ರಟ್ಟುಗಳು, ಮೇಣ ಸವರಿದ ದಾರದ ಉಂಡೆಗಳು, ಮುಚ್ಚಳ ಬಿಗಿದ ಅಂಟಿನ ಡಬ್ಬಿ. ಬಲಗೈಯ ತೋರುಬೆರಳಿನ ತುದಿಯಂತೂ ಸೂಜಿ ತಳ್ಳಿ ತಳ್ಳಿ ಚರ್ಮದ ಚೂರಿನಂತೆ ಗಟ್ಟಿಯಾಗಿದೆ. ಮೂಲೆಯ ಸಣ್ಣ ಮಣೆಯ ಮೇಲೆ ಒಂದು ಕಪ್ಪು ದೂರವಾಣಿ. ಅದರ ಪಕ್ಕದಲ್ಲಿ, ಅಡುಗೆಮನೆಯಲ್ಲಿ ಇರಬೇಕಾಗಿದ್ದ ಒಂದು ಅಲಾರಾಂ ಗಡಿಯಾರ. ಅದು ಅಲ್ಲಿಗೇಕೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ.

ಅಣ್ಣನಿಗೆ ಒಂದು ಪದ್ಧತಿ ಇತ್ತು. ಅವರು ಕಟ್ಟಿದ ಪ್ರತಿಯೊಂದು ಪುಸ್ತಕದ ಹಿಂದಿನ ರಟ್ಟಿನ ಒಳಮೈಯಲ್ಲಿ ಎರಡು ಬೆರಳಗಲದ ಚೀಟಿಯೊಂದನ್ನು ಅಂಟಿಸುವರು. ಅದರಲ್ಲಿ ಇಷ್ಟು ಬರೆದಿರುತ್ತದೆ: ‘ಈ ಹೊಲಿಗೆ ನಾನು ಬದುಕಿರುವವರೆಗೆ ನನ್ನ ಹೊಣೆ. ಬಿಚ್ಚಿದರೆ ಈ ಸಂಖ್ಯೆಗೆ ತಿಳಿಸಿರಿ. ಹಣ ಪಡೆಯದೆ ಹೊಲಿದುಕೊಡುವೆನು.’ ಅದರ ಕೆಳಗೆ ಮನೆಯ ದೂರವಾಣಿ ಸಂಖ್ಯೆ. ವಿಳಾಸವಿಲ್ಲ. ಏಕೆಂದರೆ ಅವರು ಮೂರು ಸಲ ಮನೆ ಬದಲಾಯಿಸಿದವರು. ಮೂರೂ ಸಲ ಅವರ ಹಿಂದೆಯೇ ಬಂದದ್ದು ಆ ಸಂಖ್ಯೆಯೊಂದೇ. ಮೂವತ್ತೊಂದು ವರುಷಗಳಲ್ಲಿ ಎಷ್ಟು ಚೀಟಿ ಅಂಟಿಸಿದರೋ, ಆ ಪುಸ್ತಕಗಳು ಯಾವ ಯಾವ ಮನೆಯ ಕಪಾಟು ಸೇರಿವೆಯೋ, ಅವರಿಗೇ ತಿಳಿಯದು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಯಾರಾದರೊಬ್ಬರು ಕರೆಯುತ್ತಿದ್ದರು. ಪುಸ್ತಕ ಬರುತ್ತಿತ್ತು, ಹೊಲಿಗೆ ಬೀಳುತ್ತಿತ್ತು, ಮರಳಿ ಹೋಗುತ್ತಿತ್ತು. ಮನುಷ್ಯನು ಆಡಿದ ಮಾತಿನ ಬೆನ್ನಿಗೆ ನಿಲ್ಲುವುದು ಒಂದು ಬಗೆಯ ಪೂಜೆಯೇ ಎಂದು ನಂಬಿರುವ ನನಗೆ, ಆ ಮುಂಗೋಣೆಗೆ ಹೋದಾಗಲೆಲ್ಲ ಚಪ್ಪಲಿ ಹೊರಗೆ ಬಿಡಬೇಕೆನಿಸುತ್ತಿತ್ತು.

ಹೀಗಿರುವಾಗ ದೂರವಾಣಿ ಕಂಪನಿಯವರು ಒಂದೇ ವರುಷದಲ್ಲಿ ಎರಡನೆಯ ಸಲ ತಿಂಗಳ ಬಾಡಿಗೆಯನ್ನು ಏರಿಸಿದರು. ಅಣ್ಣನ ಹೆಂಡತಿಯ ತಂಗಿ ಇರುವುದು ಸಮುದ್ರದಾಚೆ. ವಾರಕ್ಕೊಮ್ಮೆ ಹೆಂಡತಿ ಅವಳಿಗೆ ಕರೆ ಮಾಡುವಳು. ನಿಮಿಷ ಹೆಚ್ಚಿದಷ್ಟೂ ಹಣ ಹೆಚ್ಚು, ಆದ್ದರಿಂದ ಅಡುಗೆಮನೆಯ ಗಡಿಯಾರವನ್ನು ತಂದು, ಕಾಲು ಗಂಟೆಯ ಅಲಾರಾಂ ಇಟ್ಟು ಮಾತಿಗೆ ಕೂರುವಳು. ಗಂಟೆ ಬಾರಿಸಿದೊಡನೆ, ವಾಕ್ಯ ಎಲ್ಲಿದ್ದರೆ ಅಲ್ಲಿಗೇ, ಫೋನು ಕೆಳಗೆ.

“ಈ ವಾರಾನೂ ಅರ್ಧಕ್ಕೇ ನಿಂತೋಯ್ತು,” ಎಂದಳು ಆಕೆ ಒಂದು ದಿನ. “ತಂಗಿ ಮಗಳಿಗೆ ಗಂಡು ನೋಡಿದಾರಂತೆ. ಹುಡುಗ ಒಪ್ಪಿದ್ನಾ ಅಂತ ಕೇಳೋ ಹೊತ್ತಿಗೆ ಈ ಹಾಳು ಗಡಿಯಾರ ಹೊಡ್ಕೊಳ್ತು. ಇನ್ನು ಒಂದು ವಾರ ಆ ಹುಡುಗನ್ನ ನನ್ನ ತಲೆಯೊಳಗೇ ಕೂರಿಸ್ಕೊಂಡಿರ್ಬೇಕು.”

“ಕೂತಿರ್ಲಿ ಬಿಡು, ಜಾಗ ಇದ್ಯಲ್ಲ,” ಎಂದರು ಅಣ್ಣ, ಸೂಜಿಗೆ ದಾರ ಪೋಣಿಸುತ್ತ.

“ನಿಮ್ಮ ಹಾಸ್ಯಕ್ಕೇನೂ ಬಾಡಿಗೆ ಏರಿಲ್ಲ ನೋಡಿ. ನಾನು ಇಂಟರ್ನೆಟ್ ಫೋನಿನವರನ್ನ ವಿಚಾರಿಸ್ತೀನಿ. ಎದುರುಮನೆಯವರು ಹಾಕ್ಸಿದಾರೆ, ಅರ್ಧ ದುಡ್ಡೂ ಆಗಲ್ವಂತೆ.”

ವಿಚಾರಿಸುವುದೆಂದರೆ ಆಕೆಗೆ ವಿಚಾರಿಸುವುದೇ. ಮೂರು ಕಂಪನಿಗಳ ಕರಪತ್ರಗಳನ್ನು ತಂದಳು. ಮೊಬೈಲು ಹಿಡಿದು ಮೂವರಿಗೂ ಒಂದೇ ಪ್ರಶ್ನೆಗಳನ್ನು ಕೇಳಿದಳು: ನಮ್ಮ ಹಳೆಯ ಸಂಖ್ಯೆ ಉಳಿಯುತ್ತದೆಯೇ, ತಂಗಿಯ ದೇಶಕ್ಕೆ ಮಾತಾಡಿದರೆ ಬೇರೆ ಹಣವೇ, ಕರೆಂಟು ಹೋದರೆ ಗತಿಯೇನು. ನಾಲ್ಕನೆಯ ಪ್ರಶ್ನೆ, ಈ ಕಪ್ಪು ಫೋನನ್ನು ಎಸೆಯಬೇಕೇ ಎಂಬುದು, ಆಕೆಗೆ ಆಮೇಲೆ ಹೊಳೆಯಿತು. ಆದ್ದರಿಂದ ಮೂವರಿಗೂ ಮತ್ತೊಮ್ಮೆ ಕರೆ ಹೋಯಿತು.

“ಮೊದಲನೇ ಕಂಪನಿಯವರು ಏನಂದ್ರು?” ಎಂದು ಅಣ್ಣ ಕೇಳಿದರು.

“ಮನುಷ್ಯರು ಸಿಕ್ಕಿದ್ರೆ ತಾನೇ ಅನ್ನೋದು. ಒಂದು ಒತ್ತಿ ಅಂತು, ಒತ್ತಿದೆ. ಮೂರು ಒತ್ತಿ ಅಂತು, ಒತ್ತಿದೆ. ಮನುಷ್ಯರು ಬೇಕಾದ್ರೆ ಯಾರ ಕತ್ತು ಒತ್ತಬೇಕು ಅಂತ ಮಾತ್ರ ಹೇಳ್ಲಿಲ್ಲ. ಕೊನೆಗೊಬ್ಬ ಸಿಕ್ದ. ಎಲ್ಲರಿಗಿಂತ ಅಗ್ಗ ಅವರೇ. ಆದ್ರೆ ಹೊಸ ಸಂಖ್ಯೆ ಕೊಡ್ತಾರಂತೆ.”

ಅಣ್ಣ ಸೂಜಿಯನ್ನು ಮೇಜಿನ ಮೇಲಿಟ್ಟರು. “ಹೊಸ ಸಂಖ್ಯೆ ಅಂದ್ರೆ ನನ್ನ ಚೀಟಿಗಳ ಗತಿ ಏನೇ?”

“ಇನ್ಮುಂದೆ ಹೊಸ ಚೀಟಿ ಅಂಟಿಸಿ.”

“ಹಿಂದೆ ಅಂಟಿಸಿದ್ದು? ಮನೆ ಮನೆ ಬಾಗಿಲು ತಟ್ಟಿ ಕಿತ್ಕೊಂಡು ಬರ್ಲಾ?”

ಆಕೆಗೆ ಅರ್ಥವಾಯಿತು. ಆ ಕರಪತ್ರವನ್ನು ಮಡಿಸಿ ಒಲೆಯ ಕೆಳಗಿಟ್ಟಳು. ಎರಡನೆಯ ಕಂಪನಿಯವರು ಸಂಖ್ಯೆಯನ್ನು ಉಳಿಸಿಕೊಡುವರು. ಆದರೆ ಎರಡು ವರುಷ ಬಿಟ್ಟುಹೋಗುವಂತಿಲ್ಲ, ಹೊರದೇಶದ ಮಾತಿಗೆ ನಿಮಿಷದ ಲೆಕ್ಕ. ಅಂದರೆ ಗಡಿಯಾರ ಅಲ್ಲೇ ಇರುತ್ತದೆ ಎಂದಾಯಿತು. ಮೂರನೆಯವರದು ಮೊದಲನೆಯವರಿಗಿಂತ ಕೊಂಚ ಹೆಚ್ಚು, ಈಗಿನದರ ಅರ್ಧಕ್ಕಿಂತ ಕಡಿಮೆ. ಸಂಖ್ಯೆಯನ್ನು ತಮ್ಮ ಕಡೆಗೆ ತಂದುಕೊಳ್ಳುವರು. ತಂಗಿಯ ದೇಶದ ಮಾತು ತಿಂಗಳ ಬಾಡಿಗೆಯಲ್ಲೇ ಸೇರಿದೆ. ಅಂಗೈಯಷ್ಟು ಪೆಟ್ಟಿಗೆಯೊಂದನ್ನು ಕಳಿಸುವರು. ಅದರ ಹಿಂಬದಿಗೆ ಈ ಕಪ್ಪು ಫೋನನ್ನೇ ಸಿಕ್ಕಿಸಬಹುದು. ಕರೆಂಟು ಹೋದರೆ ಕರೆ ಆಕೆಯ ಮೊಬೈಲಿಗೆ ಹೋಗುವುದು. ಧ್ವನಿ ಹೇಗೆ ಕೇಳುವುದೆಂದು ಎದುರುಮನೆಗೆ ಹೋಗಿ ಪರೀಕ್ಷಿಸಿಯೂ ಬಂದಳು. ಅವರ ಮನೆಯಲ್ಲಿ ಇದ್ದದ್ದು ಇದೇ ಕಂಪನಿಯ ಪೆಟ್ಟಿಗೆ. ಗಂಡಹೆಂಡಿರಿಬ್ಬರಿಗೂ ಮನಸ್ಸು ಕೂಡಿತು. ಸೋಮವಾರ ಪೆಟ್ಟಿಗೆ ತಲುಪುವುದು, ಅಂದೇ ಅರ್ಜಿ ತುಂಬುವುದು ಎಂದು ಮಾತಾಯಿತು.

ಇನ್ನು ತಪ್ಪು ನಡೆದದ್ದನ್ನು ಕೇಳಿರಿ. ಪುಸ್ತಕ ಕಟ್ಟುವವರ ಕೆಲಸದಲ್ಲಿ ಮೊದಲು ಹಳೆಯ ರಟ್ಟನ್ನು ಬಿಚ್ಚಬೇಕು. ಬೆನ್ನಿಗೆ ಅಂಟಿದ ಒಣ ಅಂಟನ್ನು ಚೂರೂ ಉಳಿಯದಂತೆ ಕೆರೆದು, ಬಟ್ಟೆಯಿಂದ ಒರೆಸಿ, ಆಮೇಲೆ ಹೊಸ ದಾರಕ್ಕೆ ಕೈ ಹಾಕಬೇಕು. ಮೂವತ್ತೊಂದು ವರುಷ ಅವರ ಕೈ ಕಲಿತದ್ದು ಇದನ್ನೇ. ಶುಕ್ರವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಳೆಯ ಕಂಪನಿಯ ಕಚೇರಿಗೆ ಹೋದರು. ತಮ್ಮ ಮನೆಯ ಸಂಪರ್ಕವನ್ನು ಮುಚ್ಚಬೇಕೆಂದು ರುಜು ಹಾಕಿ ಬಂದರು. ಹೆಂಡತಿಗೆ ಹೇಳಲಿಲ್ಲ; ಒಂದು ಕೆಲಸ ಮುಂಚಿತವಾಗಿಯೇ ಮುಗಿಸಿದೆನೆಂಬ ಸಮಾಧಾನದಲ್ಲಿದ್ದರು. ಸಂಜೆ ಫೋನು ಎತ್ತಿ ಕಿವಿಗಿಟ್ಟರೆ ಸದ್ದೇ ಇಲ್ಲ. ಬೆನ್ನು ಚೊಕ್ಕಟವಾಯಿತು ಎಂದುಕೊಂಡು ಕೆಳಗಿಟ್ಟರು.

ಸೋಮವಾರ ಪೆಟ್ಟಿಗೆ ಬಂತು. ಆಕೆ ಹೊಸ ಕಂಪನಿಗೆ ಮೊಬೈಲಿನಿಂದ ಕರೆ ಮಾಡಿ ಅರ್ಜಿ ಹೇಳಿ ಬರೆಸಿದಳು. ಕೇಳುತ್ತ ಕೇಳುತ್ತ ಆಕೆಯ ಮುಖ ಬದಲಾಯಿತು. ಮೊಬೈಲನ್ನು ಎದೆಗೊತ್ತಿಕೊಂಡು ತಿರುಗಿದಳು.

“ಸಂಖ್ಯೆ ಚಾಲ್ತೀಲಿದ್ರೆ ಮಾತ್ರ ತರೋಕಾಗೋದಂತೆ. ನಮ್ದು ಮುಚ್ಚಿಹೋಗಿದ್ಯಂತೆ. ಯಾರ್ರೀ ಮುಚ್ಚಿಸಿದ್ದು?”

“ನಾನೇ. ಹಳೇದನ್ನ ತೆಗೀದೆ ಹೊಸದು ಹೇಗೆ ಕೂರತ್ತೆ?”

“ಅಯ್ಯೋ, ಅದೇನು ಪುಸ್ತಕಾನ? ನಡೆದಾಡೋ ಮನುಷ್ಯ ಆದ್ರೆ ಕೈ ಹಿಡ್ಕೊಂಡು ಈ ಮನೆಯಿಂದ ಆ ಮನೆಗೆ ಕರ್ಕೊಂಡು ಹೋಗ್ಬಹುದು. ನೀವು ಅವನನ್ನ ಮಣ್ಣು ಮಾಡಿ ಬಂದು, ಈಗ ಎದ್ದು ಬಾ ಅಂತಿದೀರಿ.”

ಅಣ್ಣ ಕೂತಲ್ಲೇ ಕೂತರು. ಆ ಹೊತ್ತಿಗೆ ಎಲ್ಲಿಯೋ ಒಂದು ಮನೆಯಲ್ಲಿ ಯಾರೋ ಹಿಂದಿನ ರಟ್ಟನ್ನು ತೆರೆದು, ಚೀಟಿಯ ಮೇಲೆ ಬೆರಳಿಟ್ಟು, ಒಂದೊಂದೇ ಅಂಕಿಯನ್ನು ಒತ್ತುತ್ತಿರುವರೆಂದು ಅವರಿಗೆ ಕಣ್ಣಿಗೆ ಕಟ್ಟಿದಂತಾಯಿತು. “ಬನ್ನಿ ಅಂತ ಕರೆದು, ಬಾಗಿಲು ಹಾಕ್ಕೊಂಡು ಕೂತ ಹಾಗಾಯ್ತಲ್ಲೇ,” ಎಂದರು. ಹೆಂಡತಿ ಮತ್ತೆ ಬೈಯಲಿಲ್ಲ. ಬಡಿಸಿದ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. ಅವರು ಎರಡು ತುತ್ತಿಗೆ ಕೈ ತೊಳೆದರು.

ಮರುದಿನ ಕಚೇರಿಯ ಬಾಗಿಲು ತೆಗೆಯುವುದಕ್ಕೆ ಮೊದಲೇ ಅವರು ಮೆಟ್ಟಿಲ ಮೇಲಿದ್ದರು. ಕೈಚೀಲದಲ್ಲಿ ತಾವು ದಿನವೂ ಓದುವ ಪ್ರಾರ್ಥನಾ ಪುಸ್ತಕ. ಅದರಲ್ಲೂ ಒಂದು ಚೀಟಿ ಇತ್ತು. ಗಾಜಿನ ಆಚೆ ಕುಳಿತ ಹೆಣ್ಣುಮಗಳು ಕಂಪ್ಯೂಟರಿನ ತೆರೆಯನ್ನು ನೋಡಿ ಹೇಳಿದಳು:

“ನಿಮ್ಮ ಸಂಖ್ಯೆ ಇನ್ನೂ ಯಾರಿಗೂ ಕೊಟ್ಟಿಲ್ಲ ಸಾರ್. ಮೂವತ್ತು ದಿನ ಎತ್ತಿಟ್ಟಿರ್ತಾರೆ, ಆಮೇಲೆ ಬೇರೆಯವರಿಗೆ ಹೋಗತ್ತೆ. ವಾಪಸ್ ಬೇಕಾದ್ರೆ ಈ ಅರ್ಜಿ ತುಂಬಿ, ಕಾರಣ ಬರೀರಿ.” ಅವರು ಅರ್ಜಿಯನ್ನು ಮತ್ತೆ ಮತ್ತೆ ಓದುವುದನ್ನು ಕಂಡು ಆಕೆ ದನಿ ತಗ್ಗಿಸಿದಳು. “ನಾನು ಮುಚ್ಚಿಸಿಲ್ಲ, ಯಾರೋ ನನ್ನ ಹೆಸರಲ್ಲಿ ಮುಚ್ಚಿಸಿದಾರೆ ಅಂತ ಬರ್ದುಬಿಡಿ. ಬೇಗ ಆಗತ್ತೆ.”

“ರುಜು ನಂದೇ ಇದ್ಯಲ್ಲ ತಾಯಿ.”

“ಅಷ್ಟೆಲ್ಲ ಯಾರು ನೋಡ್ತಾರೆ ಸಾರ್.”

ಪ್ರಿಯರೇ, ಆ ಗಳಿಗೆಯನ್ನು ನೆನೆಯಿರಿ. ಒಂದು ಸಾಲು ಬರೆದರೆ ಮೂವತ್ತೊಂದು ವರುಷದ ಮಾತು ಉಳಿಯುತ್ತದೆ ಎಂದು ಒಳ್ಳೆಯ ಮನಸ್ಸಿನವಳೊಬ್ಬಳು ಹೇಳುತ್ತಿದ್ದಾಳೆ. ಅಣ್ಣ ಲೇಖನಿ ಹಿಡಿದು ಬಹಳ ಹೊತ್ತು ನಿಂತರು. ನಿಜವಾದ ಮಾತನ್ನು ಸುಳ್ಳು ಮಾತಿನ ದಾರದಿಂದ ಹೊಲಿದರೆ ಆ ಹೊಲಿಗೆಗೆ ನಾನು ಹೇಗೆ ಹೊಣೆಯಾಗಲಿ ಎಂದು ಅವರಿಗೆ ಅನ್ನಿಸಿತಂತೆ. ಕೊನೆಗೆ ಬರೆದದ್ದು ಹೀಗೆ: ‘ನಾನೇ ಮುಚ್ಚಿಸಿದೆನು. ಹಳೆಯದನ್ನು ತೆಗೆದ ಮೇಲೆಯೇ ಹೊಸದನ್ನು ಹಾಕುವುದು ನನ್ನ ಕಸುಬಿನ ಅಭ್ಯಾಸ. ಇಲ್ಲಿ ಅದು ತಪ್ಪೆಂದು ತಿಳಿಯಲಿಲ್ಲ. ಈ ಸಂಖ್ಯೆಯನ್ನು ನಂಬಿದವರು ಬಹಳ ಜನರಿದ್ದಾರೆ.’ ಬರೆದು, ಪ್ರಾರ್ಥನಾ ಪುಸ್ತಕದ ಹಿಂದಿನ ರಟ್ಟನ್ನು ತೆರೆದು ಗಾಜಿನ ಕೆಳಗೆ ಸರಿಸಿದರು.

ಹೆಣ್ಣುಮಗಳು ಚೀಟಿಯನ್ನು ಓದಿದಳು. ಅರ್ಜಿಯನ್ನೂ ಪುಸ್ತಕವನ್ನೂ ಹಿಡಿದು ಒಳಗೆ ಹೋದಳು. ಅಣ್ಣ ಗೋಡೆಬದಿಯ ಬೆಂಚಿನಲ್ಲಿ ಕುಳಿತು ಕಣ್ಣು ಮುಚ್ಚಿದರು. ಅವರು ಏನು ಬೇಡಿಕೊಂಡರೆಂದು ನಾನು ಕೇಳಿಲ್ಲ. ಕೇಳುವುದು ತರವೂ ಅಲ್ಲ.

ಒಳಗಿನಿಂದ ಹಿರಿಯ ಅಧಿಕಾರಿಯೇ ಎದ್ದು ಬಂದರು, ಅರ್ಜಿ ಕೈಯಲ್ಲಿತ್ತು.

“ಇದನ್ನ ಬರೆದಿದ್ದು ನೀವೇನಾ? ಒಳ್ಳೇದಾಯ್ತು. ಬೇರೆಯವರು ಮುಚ್ಚಿಸಿದ್ರು ಅಂತ ಬರೆದಿದ್ರೆ ವಿಚಾರಣೆ ವಿಭಾಗಕ್ಕೆ ಹೋಗೋದು. ಅವರು ನಲವತ್ತು ದಿನ ಮಾಡ್ತಾರೆ. ಅಷ್ಟರಲ್ಲಿ ನಿಮ್ಮ ಸಂಖ್ಯೆ ಯಾರ ಮನೇಲೋ ರಿಂಗಾಗ್ತಿತ್ತು. ತಪ್ಪಾಗಿ ಮುಚ್ಚಿಸಿದೆ ಅಂತ ನೀವೇ ಒಪ್ಕೊಂಡ್ರೆ, ಹತ್ತು ದಿನದೊಳಗೆ ನಾನೇ ತೆರೀಬಹುದು. ಇವತ್ತು ಐದನೇ ದಿನ.”

ಗಾಜಿನ ಆಚೆಯ ಹೆಣ್ಣುಮಗಳು ತಲೆ ತಗ್ಗಿಸಿದಳು. ಅಣ್ಣ ಅವಳತ್ತ ನೋಡಿ, “ನನ್ನ ಒಳ್ಳೇದಕ್ಕೇ ಹೇಳಿದ್ದೀರಿ ತಾಯಿ,” ಎಂದಷ್ಟೇ ಅಂದರು.

“ನಾಳೆ ಸಂಜೆಯೊಳಗೆ ಜೀವ ಬರತ್ತೆ,” ಎಂದರು ಅಧಿಕಾರಿ. “ಬಂದ್ಮೇಲೆ ಹೊಸ ಕಂಪನಿಗೆ ಅರ್ಜಿ ಹಾಕಿ. ಸಂಖ್ಯೆ ಅವರ ಕಡೆ ಹೋದ ದಿನ ನಮ್ಮ ಕಡೇದು ತಾನಾಗೇ ಮುಚ್ಕೊಳತ್ತೆ. ನೀವು ಇಲ್ಲಿಗೆ ಬರ್ಲೇಬೇಡಿ.”

“ತಾನಾಗೇನಾ?”

“ತಾನಾಗೇ. ನಮ್ಮನ್ನ ಬಿಟ್ಟು ಹೋಗೋಕೆ ನಮ್ಮ ಕೈಲೇ ಸಹಾಯ ತಗೊಂಡವರು ನೀವೊಬ್ರೇ ಯಜಮಾನ್ರೇ.”

ಬುಧವಾರ ಮಧ್ಯಾಹ್ನವೇ ಕಪ್ಪು ಫೋನಿನಲ್ಲಿ ಸದ್ದು ಮರಳಿತು. ಹೆಂಡತಿ ಅದನ್ನು ಗಂಡನ ಕಿವಿಗೆ ಹಿಡಿದು ಕೇಳಿಸಿ, ಹೊಸ ಕಂಪನಿಗೆ ಮತ್ತೆ ಅರ್ಜಿ ಬರೆಸಿದಳು. ಆಮೇಲೆ ಅವರದೇ ಅಂಟಿನ ಡಬ್ಬಿಯನ್ನು ತೆರೆದು, ಗೋಡೆಯ ಹಳೆಯ ತಂತಿಯ ಪಕ್ಕದಲ್ಲಿ ಎರಡು ಬೆರಳಗಲದ ಚೀಟಿಯೊಂದನ್ನು ಅಂಟಿಸಿದಳು: ‘ಇದರ ಹೊಣೆ ನನ್ನದು. ಕೈ ಹಚ್ಚಬಾರದು.’ ಅಣ್ಣ ಒಂಬತ್ತು ದಿನ ಆ ಗೋಡೆಯನ್ನು ಬಳಸಿಕೊಂಡೇ ಓಡಾಡಿದರು.

ಹತ್ತನೆಯ ದಿನ ಸಂಖ್ಯೆ ಹೊಸ ಕಂಪನಿಗೆ ದಾಟಿತು. ಕಪ್ಪು ಫೋನನ್ನು ಪೆಟ್ಟಿಗೆಯ ಹಿಂಬದಿಗೆ ಸಿಕ್ಕಿಸಿ ಇನ್ನೂ ಒಂದು ಗಂಟೆಯಾಗಿರಲಿಲ್ಲ, ಅದು ಸದ್ದು ಮಾಡಿತು. ಒಬ್ಬ ಅಜ್ಜಿಯ ದನಿ.

“ಪುಸ್ತಕ ಕಟ್ಟೋರು ಇದಾರಾ?”

“ನಾನೇ ಅಮ್ಮ.”

“ಬದುಕಿದ್ದೀರಾ? ಎರಡು ವಾರದ ಹಿಂದೆ ಮಾಡಿದ್ದೆ, ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಅಂತು. ಚೀಟಿ ನೋಡಿದೆ, ಬದುಕಿರೋವರೆಗೆ ಅಂತ ಬರ್ದಿದೀರಿ. ಹಾಗಾದ್ರೆ ಹೋಗಿಬಿಟ್ರು ಅಂತ ನಿಮಗೊಂದು ಪ್ರಾರ್ಥನೇನೂ ಮಾಡಿ ಮುಗಿಸ್ದೆ.”

“ಹೋಗಿದ್ದೆ ಅಮ್ಮ, ಐದಾರು ದಿನ. ವಾಪಸ್ ಕಳಿಸಿದ್ರು. ಆ ಪ್ರಾರ್ಥನೆ ಹಾಗೇ ಇರ್ಲಿ, ಮುಂದೆ ಬೇಕಾಗತ್ತೆ.”

ಆ ಅಜ್ಜಿಯ ಗಂಡ ಬರೆದ ಕಾಗದಗಳನ್ನೆಲ್ಲ ಅಣ್ಣ ಇಪ್ಪತ್ತಮೂರು ವರುಷಗಳ ಹಿಂದೆ ಒಂದು ಪುಸ್ತಕವಾಗಿ ಕಟ್ಟಿಕೊಟ್ಟಿದ್ದರು. ಈಗ ನಡುವಿನ ದಾರ ಸಡಿಲವಾಗಿತ್ತು. ಸುಮ್ಮನಿರಲಾಗದೆ ಅಜ್ಜಿ ಅದೇ ಸಂಖ್ಯೆಯನ್ನು ಇನ್ನೊಮ್ಮೆ ಒತ್ತಿ ನೋಡಿದರಂತೆ. ಎಷ್ಟಾಗುತ್ತದೆಂದು ಆಕೆ ಕೇಳಿದಾಗ ಅಣ್ಣ, “ಚೀಟಿ ಇನ್ನೊಂದ್ಸಲ ಓದಿ ಅಮ್ಮ,” ಎಂದರು. ಫೋನು ಇಟ್ಟು, ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು.

ಈ ಗಡಿಬಿಡಿಯಲ್ಲಿ ವಾರದ ಕರೆಯನ್ನೇ ಬಿಟ್ಟಿದ್ದ ಹೆಂಡತಿ ಆ ವಾರ ತಂಗಿಯೊಡನೆ ಒಂದೂವರೆ ಗಂಟೆ ಮಾತಾಡಿದಳು. ಎದ್ದು, ಅಲಾರಾಂ ಗಡಿಯಾರವನ್ನು ಅಡುಗೆಮನೆಯ ಅದರ ಹಳೆಯ ಜಾಗದಲ್ಲಿಟ್ಟಳು.

“ಹುಡುಗ ಒಪ್ಪಿದ್ನಂತಾ?” ಎಂದು ಅಣ್ಣ ಕೇಳಿದರು.

“ಅವನು ಅವತ್ತೇ ಒಪ್ಪಿದ್ನಂತೆ. ನಾನೇ ಇಷ್ಟು ದಿನ ಅವನನ್ನ ತಲೆಯೊಳಗೆ ಸುಮ್ನೆ ಕೂರಿಸ್ಕೊಂಡಿದ್ದೆ.”

ಕೇಳಿದಿರಲ್ಲ, ನನ್ನವರೇ. ನಿಮ್ಮ ಮನೆಗೂ ಅಗ್ಗದ ಫೋನಿನ ಕರಪತ್ರಗಳು ಬರುತ್ತವೆ. ತರಿಸಿರಿ, ಕೇಳಬೇಕಾದದ್ದನ್ನು ಕೇಳಿರಿ, ಉಳಿತಾಯ ಮಾಡಿ ನಿಮ್ಮವರೊಡನೆ ಗಡಿಯಾರವಿಲ್ಲದೆ ಮಾತಾಡಿರಿ. ಆದರೆ ಹೊಸದು ಗಂಟೆ ಬಾರಿಸುವವರೆಗೆ ಹಳೆಯದನ್ನು ಮುಚ್ಚಿಸಬೇಡಿರಿ. ನಿಮ್ಮನ್ನು ನಂಬಿ ಯಾರ ಕೈಯಲ್ಲಿ ನಿಮ್ಮ ಸಂಖ್ಯೆ ಇದೆಯೋ ಅವರನ್ನು ಮೊದಲು ನೆನೆಯಿರಿ. ಎಲ್ಲಿಯಾದರೂ ತಪ್ಪಿದರೆ, ಆ ಅಣ್ಣನಂತೆ, ‘ನಾನೇ ಮಾಡಿದೆನು’ ಎಂದು ನಿಮ್ಮ ಕೈಯಾರೆ ಬರೆದುಕೊಡಿರಿ.