ಐಬಿಲ್ಲದ ಹೋತ

ಬಕ್ರೀದ್‌ಗೆ ಐಬಿಲ್ಲದ ಹೋತ ಬೇಕೆಂದರೆ ಆಳಂದದವರು ದಾವಲಸಾಬನ ಮನೆಗೇ ಬರುತ್ತಿದ್ದರು. ಗಟ್ಟಿಮುಟ್ಟಾದ ಹೋತಗಳನ್ನೆಲ್ಲ, ಅವು ಮರಿ ಹುಟ್ಟಿಸುವ ಮೊದಲೇ, ಅವನು ಮಾರುತ್ತಿದ್ದ. ಕಾಲು ಸೊಟ್ಟಗಿದ್ದವು ಹಬ್ಬಕ್ಕೆ ಸಲ್ಲದೆ ಹಿಂಡಿನಲ್ಲೇ ಉಳಿಯುತ್ತಿದ್ದವು. ಬರಬರುತ್ತ ಹುಟ್ಟಿದ ಮರಿಗಳೆಲ್ಲ ಸೊಟ್ಟಗಾಲಿನವೇ. ಯಾರದೋ ಕೆಟ್ಟ ಕಣ್ಣು ಬಿತ್ತೆಂದು ಅವನು ಊರನ್ನೆಲ್ಲ ಬೈದ.

ಜೊತೆಗೆ ಆಡು ಮೇಯಿಸುವ ಮಲ್ಕಮ್ಮ ನಕ್ಕುಬಿಟ್ಟಳು. "ಛಲೋವೆಲ್ಲ ನೀನೇ ಮಾರಿದಿ, ದಾವಲಣ್ಣ. ಮರಿ ಉಳದದ್ದರಂಗ ಹುಟ್ಟತಾವ, ಹೋದದ್ದರಂಗ ಹುಟ್ಟತಾವೇನು?"

ಮಾತು ಎದೆಗೆ ಚುಚ್ಚಿತು. ಹಿಂಡನ್ನು ಕೆಡಿಸಿದವನು ತಾನೇ.

ಈ ವರ್ಷ ನೆಟ್ಟಗಾಲಿನ ಹೋತ ಒಂದೇ ಒಂದು ಬೆಳೆಯಿತು. ಹಬ್ಬದ ಮುಂದೆ ಬಂದ ಗಿರಾಕಿ ಅದಕ್ಕೇ ಬೆರಳು ತೋರಿದ. "ಇದಕ್ಕೇನೂ ಐಬಿಲ್ಲಲ್ರಿ?"

ವ್ಯಾಪಾರದಲ್ಲಿ ಅಲ್ಲಿಯವರೆಗೆ ಎಂದೂ ಸುಳ್ಳಾಡದಿದ್ದ ದಾವಲಸಾಬ ತಲೆ ತಗ್ಗಿಸಿದ.

"ಐಬು ಅದರಿ," ಎಂದ.