ಹಲ್ಲು ಕಟ್ಟುವವನ ರ್‍ಯಾಪು

ಸೆಟ್ಟಣ್ಣ ಮನುಷ್ಯರ ಮುಖ ನೋಡುವುದಿಲ್ಲ, ಬಾಯಿ ನೋಡುತ್ತಾನೆ. ಬಸ್ಸಿನಲ್ಲಿ ಪಕ್ಕ ಕೂತವರು ಒಮ್ಮೆ ಆಕಳಿಸಿದರೆ ಸಾಕು, ಎಡಗಡೆ ದವಡೆ ಹಲ್ಲು ಹೋಗಿದೆ, ಇವರು ಬಲಗಡೆಯಲ್ಲೇ ಅಗಿಯುತ್ತಾರೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುತ್ತಾನೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಆಸೆಪಟ್ಟು, “ನನ್ನಲ್ಲಿ ನಿಮಗೆ ಮೊದಲು ಇಷ್ಟವಾಗಿದ್ದೇನು?” ಎಂದು ಕೇಳಿದಾಗ, “ಮೇಲಿನ ಕೋರೆಹಲ್ಲು” ಎಂದು ನಿಜ ಹೇಳಿದ್ದ. ಆ ಮಾತಿಗೆ ಆಮೇಲೆ ಎಷ್ಟು ಸಮಜಾಯಿಷಿ ಕೊಟ್ಟರೂ ಅವಳು ಕ್ಷಮಿಸಲಿಲ್ಲ. ಇವತ್ತಿಗೂ ಜಗಳ ಬಂದರೆ ಮೊದಲು ಹೊರಗೆ ಬರುವುದು ಆ ಕೋರೆಹಲ್ಲೇ.

ಹಲ್ಲುದುರಿದವರಿಗೆ ಸೆಟ್ಟು ಕಟ್ಟಿಕೊಡುವುದು ಅವನ ಕಸುಬು. ಹಾಗಾಗಿ ಸೆಟ್ಟಣ್ಣ. ಡಾಕ್ಟರಮ್ಮನ ಹಲ್ಲಿನ ಆಸ್ಪತ್ರೆಯ ಹಿಂಬದಿ ಕೋಣೆ ಅವನ ಜಾಗ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ಪ್ಲಾಸ್ಟರಿನ ದವಡೆಗಳು. ಊರಿನ ಅರ್ಧ ಜನ ಅಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದಾರೆ. ಮೇಜಿನ ಮೇಲೆ ಸ್ಪಿರಿಟ್ ದೀಪ, ಗುಲಾಬಿ ಮೇಣ, ತೆರೆದು ಮುಚ್ಚಿ ಕಡಿತ ನೋಡುವ ಕಬ್ಬಿಣದ ದವಡೆ. ಎದುರು ಮೇಜಿನಲ್ಲಿ ಪಿಂಗಾಣಿ ಕ್ಯಾಪು ಮಾಡುವ ಹೆಂಗಸು ಕೂರುತ್ತಾಳೆ. ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವಳು, ಬಾಯಲ್ಲಿ ದೊಡ್ಡವಳು. ಎಲ್ಲರೂ ಅವಳನ್ನು ಕರೆಯುವುದು ಕ್ಯಾಪಮ್ಮ ಎಂದು. ಇಬ್ಬರ ನಡುವೆ ಒಂದು ಹಳೆಯ ಸ್ಪೀಕರು; ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ ರ್‍ಯಾಪು.

ಆ ಕೋಣೆಯಲ್ಲಿ ಬಗೆಹರಿಯದ ವ್ಯಾಜ್ಯ ಒಂದೇ: ರ್‍ಯಾಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಆಲ್ಬಮ್ ಯಾವುದು? ಸೆಟ್ಟಣ್ಣನ ಪ್ರಕಾರ ಅದು ‘ಏಣಿ’. ಹಾಲಿನ ವ್ಯಾನು ಓಡಿಸಿಕೊಂಡಿದ್ದ ಒಬ್ಬ ಗೊಗ್ಗರು ದನಿಯವನು ಕಟ್ಟಿದ ಆಲ್ಬಮ್; ನಿಧಾನ, ಪ್ರತಿ ಹಾಡಿನಲ್ಲೂ ಒಂದು ಕತೆ. ಕ್ಯಾಪಮ್ಮನಿಗೆ ‘ಮೂರನೇ ಮಹಡಿ’ಯ ಮುಂದೆ ಉಳಿದದ್ದೆಲ್ಲ ಕಸ. ಅದನ್ನು ಹಾಡಿದವಳು ಹೆಂಗಸು, ಮಾತು ಹೊಲಿಗೆ ಮೆಷಿನ್ನಿನ ಹಾಗೆ ಓಡುತ್ತದೆ.

“ನಿಮ್ಮ ಗೊಗ್ಗರಪ್ಪ ಒಂದು ಸಾಲು ಹೇಳಿ ಮುಗಿಸೋಷ್ಟರಲ್ಲಿ ನನ್ನ ಕ್ಯಾಪು ಬೆಂದು ಆರಿ ಹೋಗುತ್ತೆ,” ಎನ್ನುತ್ತಿದ್ದಳು ಕ್ಯಾಪಮ್ಮ.

“ಬೇಗ ಹೇಳಿದ್ರೆ ಆಗೋಯ್ತಾ? ಹರಾಜು ಕೂಗೋನೂ ಬೇಗ ಹೇಳ್ತಾನೆ. ಅರ್ಥ ಬೇಡ್ವಾ?”

“ಅರ್ಥ ಬೇಕಿದ್ರೆ ನಿಘಂಟು ಓದ್ಕೊಂಡು ಕೂತ್ಕೊಳ್ಳಿ ಸೆಟ್ಟಣ್ಣ. ಹಾಡು ಯಾಕೆ?”

ಈ ವಾದಕ್ಕೆ ಅವರ ಕಸುಬಿನಲ್ಲಿ ಒಂದು ಉಪಯೋಗವೂ ಹುಟ್ಟಿಕೊಂಡಿತ್ತು. ಹೊಸ ಸೆಟ್ಟು ಹಾಕಿಸಿಕೊಂಡವರಿಗೆ ಡಾಕ್ಟರುಗಳು ಒಂದು, ಎರಡು ಎಣಿಸಿ ಎನ್ನುತ್ತಾರೆ. ನಿಧಾನವಾಗಿ ಎಣಿಸಿದರೆ ಯಾವ ಹಲ್ಲೂ ಸದ್ದು ಮಾಡುವುದಿಲ್ಲ. ಮನೆಗೆ ಹೋಗಿ ಜಗಳಕ್ಕೆ ನಿಂತಾಗ ಬಂಡವಾಳ ಬಯಲಾಗುತ್ತದೆ. ಹಾಗಾಗಿ ಇವರಿಬ್ಬರೂ ಸೆಟ್ಟು ಹಾಕಿಸಿಕೊಂಡವರ ಕೈಗೆ ರ್‍ಯಾಪಿನ ನಾಲ್ಕು ಸಾಲು ಕೊಟ್ಟು, “ಉಸಿರು ಬಿಡದೆ ಹೇಳಿ” ಎನ್ನುತ್ತಿದ್ದರು. ಎಲ್ಲಿ ಟಕ್ ಎಂದಿತೋ ಅಲ್ಲಿ ಅರ ಹಾಕಿ ಉಜ್ಜುವುದು. ಡಾಕ್ಟರಮ್ಮ ಮೊದಲು ಹಣೆ ಚಚ್ಚಿಕೊಂಡರು, ಆಮೇಲೆ ಸೆಟ್ಟು ವಾಪಸು ತರುವವರು ಕಡಿಮೆಯಾದದ್ದು ನೋಡಿ ಸುಮ್ಮನಾದರು. ನಿವೃತ್ತ ಬಸ್ ಕಂಡಕ್ಟರೊಬ್ಬರಂತೂ ಸೆಟ್ಟು ಸರಿಯಾದ ಮೇಲೂ ಮುಂದಿನ ನಾಲ್ಕು ಸಾಲು ಕೇಳಿಕೊಂಡು ಬರುತ್ತಿದ್ದರು.

ಇಂಥ ಸೆಟ್ಟಣ್ಣನಿಗೆ ಸಿಕ್ಕ ಮಾವನವರು ನಿವೃತ್ತ ಭಾಷಾ ಮೇಷ್ಟ್ರು. ಛಂದಸ್ಸು ಅರೆದು ಕುಡಿದವರು. ಚರ್ಚಾಸ್ಪರ್ಧೆಗೆ ನಿಂತರೆ ಎದುರಾಳಿ ನೀರು ಕೇಳಬೇಕು, ಅಂಥ ಗಂಟಲು. ಅಳಿಯನನ್ನು ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದರು, ಆದರೆ ಯಾರಿಗಾದರೂ ಪರಿಚಯ ಮಾಡಿಸುವಾಗ ಮಾತ್ರ, “ನಮ್ಮ ಅಳಿಯಂದಿರು. ವೈದ್ಯಕೀಯ ಕ್ಷೇತ್ರದಲ್ಲಿದ್ದಾರೆ,” ಎಂದು ಗಡಿಬಿಡಿಯಲ್ಲಿ ಮುಗಿಸಿ ಹವಾಮಾನದ ವಿಷಯ ಎತ್ತುತ್ತಿದ್ದರು. ಹಲ್ಲು ಕಟ್ಟುತ್ತಾರೆ ಎನ್ನಲು ಅವರ ನಾಲಗೆ ಏಳುತ್ತಿರಲಿಲ್ಲ. ಸೆಟ್ಟಣ್ಣನಿಗೆ ಅದು ಗೊತ್ತಿತ್ತು. ನಗುತ್ತಿದ್ದ, ಆದರೆ ನೋಯುತ್ತಿತ್ತು.

ರ್‍ಯಾಪಿನ ಬಗ್ಗೆ ಮಾವನವರ ಅಭಿಪ್ರಾಯ ಚಿಕ್ಕದು: “ಅದು ಮಾತಿಗೆ ಭೇದಿ ಹತ್ತಿದ್ದು, ಅಷ್ಟೇ.” ಈ ಒಂದು ಮಾತು ಬೀದಿಯ ವಾಚನಾಲಯದ ತನಕ ಹೋಗಿ, ಅಲ್ಲಿಯ ಗ್ರಂಥಪಾಲಕರು ಒಂದು ಭಾನುವಾರ ಬೆಳಿಗ್ಗೆ ಚರ್ಚೆಯನ್ನೇ ಇಟ್ಟರು: ರ್‍ಯಾಪು ಕಾವ್ಯವೇ, ಬರೀ ಬಾಯಿಬಡುಕತನವೇ? ಕಾವ್ಯವಲ್ಲ ಎನ್ನಲು ಮಾವನವರು ಒಪ್ಪಿದರು. ಕಾವ್ಯ ಎನ್ನಲು ಕ್ಯಾಪಮ್ಮ ತಾನೇ ಹೋಗಿ ಹೆಸರು ಕೊಟ್ಟು ಬಂದಳು.

ಅಷ್ಟರಲ್ಲಿ ಮಾವನವರ ಉಳಿದ ಹಲ್ಲುಗಳೂ ಕೈಕೊಟ್ಟವು. “ಅಪ್ಪನ ಹಲ್ಲು ನೀವೇ ಕಟ್ಟಬೇಕು,” ಎಂದಳು ಹೆಂಡತಿ. ಗೋಡೆಯಿಂದ ಒಂದು ಫೋಟೋ ಇಳಿಸಿ ಕೈಗಿತ್ತಳು. ಯೌವನದಲ್ಲಿ ಯಾವುದೋ ಚರ್ಚಾಸ್ಪರ್ಧೆ ಗೆದ್ದು, ಬೆಳ್ಳಿ ಬಟ್ಟಲು ಹಿಡಿದು, ಮಾವನವರು ಬಾಯಿ ತುಂಬ ನಗುತ್ತಿದ್ದ ಫೋಟೋ. “ಮತ್ತೆ ಹೀಗೇ ಕಾಣ್ಬೇಕು.”

ಕೋರೆಹಲ್ಲಿನ ಪಾಪ ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ ಎಂದುಕೊಂಡ ಸೆಟ್ಟಣ್ಣ, ಫೋಟೋವನ್ನು ಮೇಜಿನ ಮುಂದೆ ಒರಗಿಸಿಟ್ಟುಕೊಂಡು ಒಂದೊಂದೇ ಹಲ್ಲನ್ನು ಅದರಂತೆ ಕೂರಿಸಿದ. ಮಾವನವರಲ್ಲವೇ ಎಂಬ ಸಂಕೋಚಕ್ಕೆ ರ್‍ಯಾಪಿನ ಪರೀಕ್ಷೆಯನ್ನೂ ಬಿಟ್ಟ. ಸೆಟ್ಟು ಹಾಕಿಕೊಂಡು ಮಾವನವರು ಮನೆಗೆ ಬಂದರೆ ಫೋಟೋವೇ ಎದ್ದು ಬಂದಂತಿತ್ತು. ಹೆಂಡತಿ ಕಣ್ಣೊರೆಸಿಕೊಂಡಳು. ಆಮೇಲೆ ಕಾಫಿ ಬಂತು.

“ಸಕ್ಕರೆ ಸಾಕು,” ಎಂದರು ಮಾವನವರು. ಟಕ್, ಟಕ್.

ಎಲ್ಲರೂ ಏನೂ ಕೇಳಿಸದವರ ಹಾಗೆ ಕೂತರು. ಅತ್ತೆಯವರೊಬ್ಬರು ಮಾತ್ರ, ಕಿಟಕಿ ಬಡಿಯಿತೆಂದುಕೊಂಡು, ಎದ್ದು ಹೋಗಿ ಬೋಲ್ಟು ಹಾಕಿ ಬಂದರು. ಮಾವನವರು ಲೋಟ ಕೆಳಗಿಟ್ಟರು. ಅವತ್ತಿನಿಂದ ಅವರು ಬಾಯಿಗೆ ಬೀಗ ಹಾಕಿಕೊಂಡರು. ಹೌದು ಎಂದರೆ ತಲೆ, ಅಲ್ಲ ಎಂದರೆ ಕೈ. ಜೀವಮಾನವೆಲ್ಲ ಮಾತಿನಲ್ಲೇ ಬದುಕಿದ ಮನುಷ್ಯ ಉಪ್ಪು ಬೇಕೆಂದು ಬೆರಳು ತೋರಿಸುವುದನ್ನು ನೋಡಿ ಸೆಟ್ಟಣ್ಣನಿಗೆ ಊಟ ಇಳಿಯಲಿಲ್ಲ. ಭಾನುವಾರ ಆ ಟಕ್ ಸದ್ದು ಸಭೆಗೆ ಕೇಳಿಸಿದರೆ ಮಾವನವರು ಮತ್ತೆ ಬಾಯಿ ತೆರೆಯುವುದಿಲ್ಲ, ಹೆಂಡತಿ ಮತ್ತೆ ಬಾಯಿ ಮುಚ್ಚುವುದಿಲ್ಲ.

ಮಾವನವರನ್ನು ಪುಸಲಾಯಿಸಿ ಹಿಂಬದಿ ಕೋಣೆಗೆ ಕರೆತಂದ. ಏನಾದರೂ ಹೇಳಿ ಎಂದರೆ ಅವರು ಹಳೆಯ ಪದ್ಯವೊಂದನ್ನು ಗಂಭೀರವಾಗಿ ರಾಗವೆಳೆದು ಹೇಳಿದರು. ಒಂದು ಟಕ್ಕೂ ಇಲ್ಲ.

“ಹೀಗೆ ಎಳೆದ್ರೆ ಗೊತ್ತಾಗಲ್ಲ ಮಾವ,” ಎಂದ ಸೆಟ್ಟಣ್ಣ ಅಂಜುತ್ತ. “ಬೇಗ ಹೇಳೋದೇನಾದ್ರೂ ಬೇಕು. ಇಲ್ಲಿ ನಾವು… ಆ ರ್‍ಯಾಪು ಹೇಳಿಸ್ತೀವಿ.”

ಮಾವನವರು ಚಪ್ಪಲಿ ಹುಡುಕತೊಡಗಿದರು. ಆಗ ಕ್ಯಾಪಮ್ಮ ಪಿಂಗಾಣಿ ಸುಡುವ ಕುಲುಮೆಯ ಬಾಗಿಲು ಮುಚ್ಚಿ ಬಂದಳು.

“ಮೇಷ್ಟ್ರೇ, ಭಾನುವಾರ ನಾನು ಓದೋ ಪದ್ಯಾನೇ ಹೇಳಿಕೊಡ್ತೀನಿ. ಬಾಯಿಪಾಠ ಇಲ್ದೆ ಖಂಡನೆ ಮಾಡ್ತೀರಾ?”

ಅವಳು ಮೇಷ್ಟ್ರ ಮರ್ಮಕ್ಕೇ ಕೈ ಹಾಕಿದ್ದಳು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಬಾಯಿಪಾಠ ಮಾಡದೆ ಬಾಯಿ ಬಿಡಬೇಡಿ ಎಂಬುದು ಮೇಷ್ಟ್ರು ತಲೆಮಾರುಗಳಿಗೆ ಕಲಿಸಿದ ಪಾಠ. ಚಪ್ಪಲಿ ಬಿಟ್ಟು ಕೂತರು.

“ಹಾಗಿದ್ರೆ ‘ಏಣಿ’ದು ಹೇಳಿಸೋಣ,” ಎಂದು ಸೆಟ್ಟಣ್ಣ ನುಗ್ಗಿದ.

“ನಿಮ್ಮ ಏಣಿ ಹತ್ತೋಷ್ಟರಲ್ಲಿ ಭಾನುವಾರ ಬರುತ್ತೆ. ಸ, ಚ ಒತ್ತೊತ್ತಾಗಿರೋದು ನನ್ನ ಆಲ್ಬಮ್ಮಲ್ಲಿ. ನಿಮಗೆ ವಾದ ಬೇಕೋ, ಮಾವನ ಹಲ್ಲು ಬೇಕೋ?”

ಸೆಟ್ಟಣ್ಣ ಎಷ್ಟೋ ವರ್ಷಗಳ ವಾದವನ್ನು ಗುಟುಕು ನೀರಿನ ಜೊತೆ ನುಂಗಿದ. ಕ್ಯಾಪಮ್ಮ ‘ಮೂರನೇ ಮಹಡಿ’ಯ ನಾಲ್ಕು ಸಾಲು ಹೇಳಿಕೊಟ್ಟಳು:

ಸಂದಿ ಸಂದಿ ಸುತ್ತಿ ಬಂದೆ, ನನ್ನ ಸೈಕಲ್ ಚೈನು ಸಡಿಲ,
ಸಾಲು ಬಾಗ್ಲು ತಟ್ಟಿ ಬಂದೆ, ಸದ್ದು ಇಲ್ಲ, ಸುಳಿವು ಇಲ್ಲ;
ಚಳಿಗೆ ಚಿಟಿಕೆ ಹೊಡೆದು ನಿಂತೆ, ಚಿಂತೆ ಚಿಂದಿ ಜೇಬಿನೊಳಗೆ,
ಸತ್ತ ಬೀದಿ ಎದ್ದು ಕೂತು ಸೊಲ್ಲು ಬಂತು ನನ್ನ ಒಳಗೆ.

ಮಾವನವರು ಮೊದಲು ಬೆರಳ ಗೆಣ್ಣು ಎಣಿಸಿದರು. “ಮೂರು ಮೂರು ಮಾತ್ರೆ. ಹೂಂ. ಆದ್ರೆ ಸೈಕಲ್ ಹತ್ರ ಒಂದು ಮಾತ್ರೆ ಹೆಚ್ಚಾಗಿದೆ. ಎಡವಿದಾಳೆ.”

“ಚೈನು ಸಡಿಲ ಅಂತ ಅವಳೇ ಹೇಳಿದಾಳಲ್ಲ ಮೇಷ್ಟ್ರೇ.”

ಮಾವನವರ ತುಟಿ ಒಂದು ಕ್ಷಣ ನಗೆಗೆ ಹೊರಟು, ಯಾರೂ ನೋಡುವ ಮೊದಲೇ ವಾಪಸಾಯಿತು. ಆಮೇಲೆ ಉಸಿರು ಕಟ್ಟಿ ನಾಲ್ಕೂ ಸಾಲು ಹೇಳಿದರು. ಅಬ್ಬಾ, ಆ ಸದ್ದು! ಟೈಪ್‌ರೈಟರ್ ಕೂಡ ನಾಚಬೇಕು. ಸೆಟ್ಟಣ್ಣ ಹಲ್ಲಿನ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿದ. ಒಂದೆರಡು ಕಡೆಯಲ್ಲ, ಸಾಲಿಗೆ ಸಾಲೇ ಗುರುತಾಗಿತ್ತು. ಅವನಿಗೆ ಆಗ ಹೊಳೆಯಿತು. ಫೋಟೋದಲ್ಲಿದ್ದದ್ದು ನಗುತ್ತಿದ್ದ ಮನುಷ್ಯ. ನಗುವಿಗೆ ಕಟ್ಟಿದ ಎತ್ತರ ಮಾತಿಗೆ ಹೆಚ್ಚಾಗಿತ್ತು. ನಾಲಗೆ ಹೊರಳುವ ಮೊದಲೇ ಮೇಲಿನ ಹಲ್ಲು ಕೆಳಗಿನದಕ್ಕೆ ಬಡಿಯುತ್ತಿತ್ತು. ಹೊಸಬನೂ ಮಾಡದ ತಪ್ಪು.

“ಮಾವ, ತಪ್ಪು ನಂದೇ. ಫೋಟೋ ನೋಡಿ ಕಟ್ಬಿಟ್ಟೆ. ಕೆಳಗಿನ ಸೆಟ್ಟು ಬಿಚ್ಚಿ ಗಿಡ್ಡ ಮಾಡಿ ಕಟ್ಬೇಕು. ಮಾತು ಸರಿಹೋಗುತ್ತೆ, ಆದ್ರೆ ಫೋಟೋ ಥರ ಕಾಣಲ್ಲ ನೀವು.”

“ಫೋಟೋ ಮಾತಾಡಲ್ಲ, ಅಳಿಯಂದ್ರೇ,” ಎಂದರು ಮಾವನವರು. ಟಕ್.

ಅವರು ಹೋದ ಮೇಲೆ ಕ್ಯಾಪಮ್ಮ ಕಣ್ಣು ಮಿಟುಕಿಸಿದಳು. “ಒಂದು ಕೂದಲೆಳೆಯಷ್ಟು ಎತ್ತರ ಹಾಗೇ ಬಿಡಿ ಸೆಟ್ಟಣ್ಣ. ಭಾನುವಾರ ರ್‍ಯಾಪು ಗೆದ್ದಂಗೆ.”

ಆ ಮಾತು ಸೆಟ್ಟಣ್ಣನ ಮನಸ್ಸಿನಲ್ಲಿ ಒಂದು ಸುತ್ತು ಹೊಡೆಯಲಿಲ್ಲ ಎಂದರೆ ಸುಳ್ಳು. ಹವಾಮಾನದ ವಿಷಯಗಳೆಲ್ಲ ನೆನಪಿಗೆ ಬಂದವು. ಆದರೆ ಕೈ ಅಷ್ಟರಲ್ಲೇ ಮೇಣ ಕಾಯಿಸಲು ಹೊರಟಿತ್ತು. ಕಟ್ಟಿ ಮುಗಿಸಿದಾಗ ಸೆಟ್ಟನ್ನು ಎತ್ತಿಕೊಂಡು ಕನ್ನಡಿಯ ಹಾಗೆ ಪಾಲಿಶ್ ಮಾಡಿದವಳು ಕ್ಯಾಪಮ್ಮನೇ. “ಸಡಿಲ ಹಲ್ಲಿನವರನ್ನ ಸೋಲಿಸಿದೆ ಅಂತ ಹೇಳ್ಕೊಂಡು ತಿರುಗ್ಲಾ? ನನಗೂ ಮಾನ ಇದೆ,” ಎಂದು ಗೊಣಗಿದಳು.

ಭಾನುವಾರ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ ಕಂಡಕ್ಟರು ಮುಂದಿನ ಸಾಲಿನಲ್ಲೇ ಕೂತಿದ್ದರು. ಸೆಟ್ಟಣ್ಣ ಹೆಂಡತಿಯ ಪಕ್ಕ ಕೂತು, ಕೈಬೆರಳು ಹಿಸುಕಿಕೊಳ್ಳುತ್ತಿದ್ದ. ಮೊದಲು ಕ್ಯಾಪಮ್ಮನ ಸರದಿ. ಕೋಣೆಯಲ್ಲಿ ಹುಲಿಯಾಗಿದ್ದ ಹೆಂಗಸು ಮೈಕಿನ ಮುಂದೆ ಇಲಿಯಾದಳು. ಹೇಗೋ ನಾಲ್ಕು ಮಾತಾಡಿ, “ಈಗ ಒಂದು ಉದಾಹರಣೆ,” ಎಂದು ಶುರುಮಾಡಿ, ಎರಡು ಸಾಲು ಹೇಳಿ, ಗಕ್ಕನೆ ನಿಂತಳು. ಮೂರನೇ ಸಾಲು ಮರೆತುಹೋಗಿತ್ತು. ಯಾರೋ ಕೆಮ್ಮಿದರು.

“ಚಳಿಗೆ ಚಿಟಿಕೆ,” ಎಂಬ ದನಿ ಬಂತು.

ಹೇಳಿದವರು ಮಾವನವರು. ಎದುರಾಳಿ ಎಂಬುದು ಅವರಿಗೆ ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು. ಕರಿಹಲಗೆಯ ಮುಂದೆ ಪಾಠ ಮರೆತು ನಿಂತ ವಿದ್ಯಾರ್ಥಿನಿ ಮಾತ್ರ ಕಾಣುತ್ತಿದ್ದಳು. ಅವಳಿಗೆ ಆಗಲೂ ಸಾಲು ನೆನಪಾಗಲಿಲ್ಲ. ಮೇಷ್ಟ್ರು ತಡೆಯಲಾರದೆ ಎದ್ದು ನಿಂತರು. “ಮೊದಲಿಂದ ಹೇಳು. ನನ್ನ ಜೊತೆ.” ಎಂದವರೇ ಅಂಗೈಯಲ್ಲಿ ಮೇಜು ತಟ್ಟುತ್ತ ಶುರುಮಾಡಿದರು.

ಸೆಟ್ಟಣ್ಣ ಕಣ್ಣು ಮುಚ್ಚಿದ. ಅವನು ಪದ್ಯ ಕೇಳಲಿಲ್ಲ, ಹಲ್ಲು ಕೇಳಿದ. ಸಂದಿ ಸಂದಿ ದಾಟಿತು. ಸೈಕಲ್ ದಾಟಿತು. ಸದ್ದು ಇಲ್ಲ, ಸುಳಿವು ಇಲ್ಲ ಎಂಬಲ್ಲಿ ನಿಜವಾಗಿಯೂ ಸದ್ದಿರಲಿಲ್ಲ. ಚಿಂತೆ ಚಿಂದಿಯ ಹೊತ್ತಿಗೆ ಸಭೆಯೇ ತಾಳ ಹಾಕುತ್ತಿತ್ತು, ಕಂಡಕ್ಟರು ಶಿಳ್ಳೆ ಹೊಡೆದರು. ಕೊನೆಯ ಸಾಲು ಮುಗಿದಾಗ ಚಪ್ಪಾಳೆ, ಒನ್ಸ್ ಮೋರ್. ಮಾವನವರು ಇನ್ನೊಮ್ಮೆ ಹೇಳಿದರು, ಮೊದಲಿಗಿಂತ ಜೋರಾಗಿ.

ಆಮೇಲೆ ಅವರ ಸರದಿ ಬಂತು. ಕೋಟಿನ ಗುಂಡಿ ಸರಿಮಾಡಿಕೊಂಡು ಗಂಭೀರವಾಗಿ ಮೈಕಿನ ಮುಂದೆ ನಿಂತರು. “ಮಹನೀಯರೇ, ಇದು ಕಾವ್ಯವಲ್ಲ,” ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡದ್ದು ಅವರಿಗೂ ಆಗ ತಿಳಿಯಿತು. ಒಂದು ಗಳಿಗೆ ಹುಬ್ಬು ಗಂಟಿಕ್ಕಿದರು, ಆಮೇಲೆ ಅವರೂ ನಕ್ಕರು. ಫೋಟೋದ ನಗುವಲ್ಲ, ಹಲ್ಲು ಗಿಡ್ಡವಾಗಿದ್ದವು, ಕೆನ್ನೆ ಸ್ವಲ್ಪ ಒಳಗೆ ಹೋಗಿತ್ತು. “ಅಪ್ಪ ಚೆನ್ನಾಗಿ ಕಾಣ್ತಿದಾರೆ,” ಎಂದಳು ಹೆಂಡತಿ, ಮೆಲ್ಲಗೆ.

ಗ್ರಂಥಪಾಲಕರು ಕೈಯೆತ್ತಿ ಗದ್ದಲ ಅಡಗಿಸಿದರು. “ತೀರ್ಪು ಆಮೇಲೆ. ಮೇಷ್ಟ್ರೇ, ಒಂದು ಮಾತು ಹೇಳಿ. ಈ ವಯಸ್ಸಲ್ಲಿ ಇಷ್ಟು ಸ್ಪಷ್ಟವಾದ ಉಚ್ಚಾರ ಹೇಗೆ ಉಳಿಸ್ಕೊಂಡ್ರಿ?”

ಮಾವನವರು ಸಭೆಯಲ್ಲಿ ಯಾರನ್ನೋ ಹುಡುಕಿದರು. ಸೆಟ್ಟಣ್ಣ, ವೈದ್ಯಕೀಯ ಕ್ಷೇತ್ರ ಬರುತ್ತದೆ ಎಂದುಕೊಂಡು ತಲೆ ತಗ್ಗಿಸಿ, ಹವಾಮಾನಕ್ಕೆ ಸಿದ್ಧನಾಗಿ ಕೂತ.

“ನಾನೇನೂ ಉಳಿಸ್ಕೊಂಡಿಲ್ಲ. ಎಲ್ಲಾ ಉದುರಿ ಹೋಗಿತ್ತು,” ಎಂದರು ಮಾವನವರು ಮೈಕಿನಲ್ಲಿ. “ಅಗೋ, ಆ ಕಂಬದ ಪಕ್ಕ ಕೂತಿದಾರಲ್ಲ, ನಮ್ಮ ಅಳಿಯಂದಿರು. ಹಲ್ಲು ಕಟ್ತಾರೆ.”