ಚೇನ್‌ಯಾರ್ಡ್ ವಾರ್ಡಿಗೆ ಬೇಕಾಗಿದ್ದ ಇನ್ನೂರೈವತ್ತು ಹೆಸರುಗಳು

2002ರಲ್ಲಿ ನಾನು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಕಡೆಯ ಒಂದು ಪಟ್ಟಣದ ಕೌನ್ಸಿಲ್‌ನಲ್ಲಿ ಎಲೆಕ್ಟೊರಲ್ ಸರ್ವಿಸಸ್ ಆಫೀಸರ್ ಆಗಿದ್ದೆ. ಕೇಳಲು ದೊಡ್ಡ ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಗರಸಭೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಗುಮಾಸ್ತ. ಅದಕ್ಕೂ ಮೊದಲು ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಒಂಬತ್ತು ವರ್ಷ ಎಫ್‌ಡಿಎ ಆಗಿ ಇದೇ ಕೆಲಸ ಮಾಡಿದ್ದೆ. ಹೆಂಡತಿ ಶೈಲಜಾ ಅರಿವಳಿಕೆ ಡಾಕ್ಟರು. ಆಕೆಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ನಾನು ರಾಜೀನಾಮೆ ಬರೆದುಕೊಟ್ಟು ಹಿಂದೆಯೇ ಬಂದೆ. ಡಾಕ್ಟರ ಹೆಂಡತಿಯರ ನಡುವೆ ಡಾಕ್ಟರ ಗಂಡನಾಗಿ ಕುಳಿತವನು ಆಗ ನಾನೊಬ್ಬನೇ. ಎರಡು ವರ್ಷ ಅಡುಗೆ, ಬಟ್ಟೆ, ಮಗಳ ಶಾಲೆ ನೋಡಿಕೊಂಡು, ಕೊನೆಗೆ ಕೌನ್ಸಿಲ್‌ನ ಜಾಹೀರಾತು ಕಂಡು ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಗ್ರಹಾಂ ಎಂಬ ಮ್ಯಾನೇಜರ್ ನನ್ನ ಹಳೆಯ ಕೆಲಸದ ಬಗ್ಗೆ ಅರ್ಧ ಗಂಟೆ ಕೇಳಿ, ಭೂಮಿಯ ಮೇಲೆ ಎಲ್ಲಿ ಹೋದರೂ ಈ ಕೆಲಸ ಒಂದೇ ಎಂದು ನಕ್ಕು, ಕೆಲಸ ಕೊಟ್ಟರು.

ಆ ವರ್ಷ ನಮ್ಮ ಪಟ್ಟಣದ ವಾರ್ಡುಗಳ ಗಡಿಯನ್ನು ಹೊಸದಾಗಿ ಗುರುತಿಸುವ ಕೆಲಸ ಶುರುವಾಗಿತ್ತು. ಜನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿರುತ್ತಾರೆ. ಒಂದು ವಾರ್ಡು ಉಬ್ಬುತ್ತದೆ, ಇನ್ನೊಂದು ಸೊರಗುತ್ತದೆ. ಒಬ್ಬನ ಓಟಿಗೂ ಇನ್ನೊಬ್ಬನ ಓಟಿಗೂ ಒಂದೇ ತೂಕ ಇರಬೇಕಾದರೆ ಎಲ್ಲ ವಾರ್ಡುಗಳಲ್ಲೂ ಮತದಾರರು ಹೆಚ್ಚುಕಡಿಮೆ ಸಮ ಇರಬೇಕು. ಸರಾಸರಿಗಿಂತ ಶೇಕಡ ಹತ್ತಕ್ಕಿಂತ ಹೆಚ್ಚು ಮೇಲೆ ಕೆಳಗೆ ಆದರೆ ಗಡಿ ಸಮಿತಿಯವರು ಕತ್ತರಿ ಕೈಗೆತ್ತಿಕೊಳ್ಳುತ್ತಿದ್ದರು. ಸಮಿತಿ ಕುಳಿತಿದ್ದು ಲಂಡನ್ನಿನಲ್ಲಿ. ಕೌನ್ಸಿಲರುಗಳ ಕೈಗೆ ಕತ್ತರಿ ಸಿಗಬಾರದೆಂದೇ ಆ ಏರ್ಪಾಡು. ಗ್ರಹಾಂ ತಮ್ಮ ಮೇಜಿನ ಹಿಂದೆ ಒಂದು ಹಳೆಯ ಅಮೆರಿಕನ್ ವ್ಯಂಗ್ಯಚಿತ್ರದ ಪ್ರತಿ ತೂಗುಹಾಕಿದ್ದರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲ್ಲಿನ ಒಂದು ರಾಜ್ಯದ ಶಾಸನಸಭೆ ಅಧಿವೇಶನ ಸೇರಿ, ಆಳುವ ಪಕ್ಷಕ್ಕೆ ಅನುಕೂಲವಾಗುವಂತೆ ಕ್ಷೇತ್ರಗಳನ್ನು ಅಂಕುಡೊಂಕಾಗಿ ಕತ್ತರಿಸಿದಾಗ, ಒಂದು ಕ್ಷೇತ್ರ ನಕ್ಷೆಯಲ್ಲಿ ಹಲ್ಲಿಯ ಹಾಗೆ ಕಂಡಿತಂತೆ. ಚಿತ್ರಕಾರ ಅದಕ್ಕೆ ರೆಕ್ಕೆ, ಉಗುರು ಬರೆದು ಪತ್ರಿಕೆಗೆ ಕೊಟ್ಟಿದ್ದ. "ನಮ್ಮ ಕೆಲಸ ಎಣಿಸುವುದು, ಅಷ್ಟೇ. ಹಲ್ಲಿ ಬರೆಯುವುದಲ್ಲ" ಎಂದು ಗ್ರಹಾಂ ಆ ಚಿತ್ರ ತೋರಿಸಿ ಹೇಳುತ್ತಿದ್ದರು. ಪ್ರತಿ ವಾರ್ಡಿನಲ್ಲಿ ಈಗ ಎಷ್ಟು ಮತದಾರರಿದ್ದಾರೆ, ಇನ್ನು ಐದು ವರ್ಷಕ್ಕೆ ಎಷ್ಟಾಗುತ್ತಾರೆ ಎಂಬ ಲೆಕ್ಕ ಮಾಡಿ ಸಮಿತಿಗೆ ಕಳಿಸಿದವನು ನಾನೇ.

ಕರಡು ವರದಿ ಬಂದಾಗ ಚೇನ್‌ಯಾರ್ಡ್ ಎಂಬ ವಾರ್ಡು ಅದರಲ್ಲಿ ಇರಲಿಲ್ಲ. ಹಿಂದೆ ಹಡಗಿನ ಸರಪಳಿ ಮಾಡುವ ಕುಲುಮೆಗಳಿದ್ದ ಕೇರಿ ಅದು. ಕಾಲುವೆ, ಸಾಲುಮನೆಗಳು, ಅಂಗಡಿಸಾಲಿನ ಒಂದು ಹೈಸ್ಟ್ರೀಟ್, ಅದರ ತುದಿಗೆ ಆಸ್ಪತ್ರೆ. ನನ್ನ ಲೆಕ್ಕದ ಪ್ರಕಾರ ಅಲ್ಲಿ ಮತದಾರರು ಸರಾಸರಿಗಿಂತ ಶೇಕಡ ಹನ್ನೆರಡು ಕಡಿಮೆ. ಹತ್ತರ ಒಳಗೆ ಬರಲು ಇನ್ನೂರೈವತ್ತು ಹೆಸರು ಕಡಿಮೆ ಬಿದ್ದಿದ್ದವು. ಸಮಿತಿ ಹೈಸ್ಟ್ರೀಟಿನ ನಡುವೆ ಗೆರೆ ಎಳೆದು, ಎಡಗಡೆಯನ್ನು ಕಾಲುವೆಯಾಚೆಯ ವಾರ್ಡಿಗೂ ಬಲಗಡೆಯನ್ನು ಗುಡ್ಡದ ಮೇಲಿನ ವಾರ್ಡಿಗೂ ಸೇರಿಸಿತ್ತು. ಆಕ್ಷೇಪಣೆಗೆ ಎಂಟು ವಾರ ಕಾಲಾವಕಾಶವಿತ್ತು.

ಮರುದಿನ ಬೆಳಿಗ್ಗೆ ಆ ವಾರ್ಡಿನ ಮೂವರು ಕೌನ್ಸಿಲರುಗಳಲ್ಲಿ ಒಬ್ಬರಾದ ಜೀನ್ ನಮ್ಮ ಕಚೇರಿಗೆ ಬಂದರು. ಅರವತ್ತು ದಾಟಿದ ಹೆಂಗಸು, ಮೊದಲು ಬಸ್ ಕಂಡಕ್ಟರ್ ಆಗಿದ್ದವರು, ಯಾವ ಪಕ್ಷಕ್ಕೂ ಸೇರಿದವರಲ್ಲ. ಬಸ್ಸಿನ ದನಿ ಇನ್ನೂ ಗಂಟಲಲ್ಲೇ ಇತ್ತು.

"ನಮ್ಮ ಕೇರಿ ಡಾಕ್ಟರ ಕ್ಲಿನಿಕ್ ಮುಚ್ಚೋದಕ್ಕೆ ಬಂದಾಗ ಇಡೀ ಚೇನ್‌ಯಾರ್ಡ್ ಒಟ್ಟಿಗೆ ನಿಂತಿತು, ಬ್ಯಾಬ್. ಅದಕ್ಕೇ ಉಳೀತು" ಎಂದರು. ಬರ್ಮಿಂಗ್‌ಹ್ಯಾಮ್ ಸೀಮೆಯ ನಮ್ಮ ಕಡೆ ಯಾರನ್ನಾದರೂ ಪ್ರೀತಿಯಿಂದ ಬ್ಯಾಬ್ ಎಂದು ಕರೆಯುತ್ತಾರೆ. "ಈಗ ಎರಡು ತುಂಡು ಮಾಡಿದರೆ ಆ ಕಡೆಗೂ ನಾವು ಬಾಲ, ಈ ಕಡೆಗೂ ಬಾಲ. ಬಾಲದ ಮಾತು ಯಾರು ಕೇಳ್ತಾರೆ? ನಿಮ್ಮ ಎಣಿಕೆ ಸರಿಯಾಗಿದೆಯಾ, ಅಷ್ಟು ಹೇಳಿ."

"ಸರಿಯಾಗಿದೆ ಮೇಡಂ" ಎಂದೆ. ಎಷ್ಟು ಧೈರ್ಯದಿಂದ ಹೇಳಿದೆನೆಂದರೆ ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಅದಾದ ಭಾನುವಾರ ಕನ್ನಡದವರೆಲ್ಲ ಒಂದು ಶಾಲೆಯ ಹಾಲ್‌ನಲ್ಲಿ ಊಟಕ್ಕೆ ಸೇರಿದ್ದೆವು. ನನ್ನ ಪಕ್ಕ ಕುಳಿತವರು ಡಾಕ್ಟರ್ ವಾಣಿ, ಮೈಸೂರಿನವರು, ಮಕ್ಕಳ ವಿಭಾಗದಲ್ಲಿ ರಿಜಿಸ್ಟ್ರಾರ್ ದರ್ಜೆಯ ವೈದ್ಯೆ, ಗಂಡನ ಜೊತೆ ಚೇನ್‌ಯಾರ್ಡಿನ ಆಸ್ಪತ್ರೆಯ ಕ್ವಾರ್ಟರ್ಸ್‌ನಲ್ಲಿ ವಾಸ. ಶೈಲಜಾಳನ್ನು ಅಕ್ಕ ಎನ್ನುತ್ತಿದ್ದುದರಿಂದ ನಾನು ಭಾವ. ಬಿಸಿಬೇಳೆಭಾತ್ ಬಡಿಸಿಕೊಳ್ಳುತ್ತ ನನ್ನನ್ನು ರೇಗಿಸಿದರು.

"ಭಾವ, ನಿಮ್ಮ ಆಫೀಸಿನವರಿಗೆ ಬೇರೆ ಕೆಲಸ ಇಲ್ವಾ? ವರ್ಷಾ ವರ್ಷಾ ವೋಟರ್ಸ್ ಲಿಸ್ಟ್‌ದು ಆ ಹಳದಿ ಫಾರಂ ಕಳಿಸ್ತೀರಲ್ಲ, ನಾನೂ ವರ್ಷಾ ವರ್ಷಾ 'ನಾಟ್ ಎಲಿಜಿಬಲ್, ಇಂಡಿಯನ್ ನ್ಯಾಷನಲ್ಸ್' ಅಂತ ಬರೆದು ಸೈನ್ ಮಾಡಿ ವಾಪಸ್ ಕಳಿಸ್ತೀನಿ. ನಮ್ಮ ಬಿಲ್ಡಿಂಗ್‌ನಲ್ಲಿ ಎಲ್ಲರೂ ಹಾಗೇನೇ."

ಎತ್ತಿದ ತುತ್ತನ್ನು ಹಾಗೇ ತಟ್ಟೆಗಿಟ್ಟೆ. ಬ್ರಿಟನ್ನಿನ ಕಾನೂನಿನಲ್ಲಿ ಇಲ್ಲಿ ವಾಸಿಸಲು ಅನುಮತಿ ಇರುವ ಕಾಮನ್‌ವೆಲ್ತ್ ಪ್ರಜೆಗಳಿಗೆಲ್ಲ ಓಟಿನ ಹಕ್ಕಿದೆ, ಭಾರತದವರಿಗೂ ಇದೆ. ನನ್ನ ಜೇಬಿನಲ್ಲೂ ಅದೇ ನೀಲಿ ಪಾಸ್‌ಪೋರ್ಟು. ನನ್ನ ಹೆಸರು, ಶೈಲಜಾಳ ಹೆಸರು ಪಟ್ಟಿಯಲ್ಲಿದ್ದವು. ಆದರೆ ಅದು ಕೆಲಸಕ್ಕೆ ಸೇರಿದ ಮೇಲೆ ತಿಳಿದದ್ದು. ಅದಕ್ಕೂ ಹಿಂದೆ, ನಾವೂ ಅದೇ ಕ್ವಾರ್ಟರ್ಸ್‌ನಲ್ಲಿದ್ದಾಗ, ಆ ಫಾರಮ್ಮಿನ ಮೇಲೆ ಅದೇ ಸಾಲು ಬರೆಯಲು ಶೈಲಜಾಗೆ ಹೇಳಿದವನು ಒಂಬತ್ತು ವರ್ಷ ಓಟರ್ ಲಿಸ್ಟ್ ಬರೆದ ಈ ಪಂಡಿತನೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಸೋಮವಾರ ಕಚೇರಿಗೆ ಹೋದವನೇ ಕ್ವಾರ್ಟರ್ಸ್‌ನ ಫಾರಂಗಳ ಪೆಟ್ಟಿಗೆ ತೆರೆದೆ. ಒಂದರ ಹಿಂದೆ ಒಂದು, ಡಾಕ್ಟರುಗಳ ಗೀಚಕ್ಷರದಲ್ಲಿ, ಅದೇ ಮಾತು. ನಮ್ಮ ಜನರ ಶಿಸ್ತು ನೋಡಿ: ಬಿಸಾಡಿದ್ದರೆ ಉತ್ತರ ಬರಲಿಲ್ಲವೆಂದು ಒಬ್ಬ ಮನುಷ್ಯನನ್ನು ಬಾಗಿಲಿಗೆ ಕಳಿಸುತ್ತಿದ್ದೆವು. ಇವರು ಸಹಿ ಹಾಕಿ, ತಾರೀಖು ಬರೆದು, ಗಡುವಿನೊಳಗೆ ಕಳಿಸಿದ್ದರು. ತಾಲ್ಲೂಕು ಕಚೇರಿಯಲ್ಲಿ ನನಗೆ ಕೆಲಸ ಕಲಿಸಿದ ಹೆಡ್‌ಕ್ಲರ್ಕ್ ಹೇಳಿಕೊಟ್ಟಿದ್ದ ಮೊದಲ ಪಾಠ, ಸಹಿ ಬಿದ್ದ ಕಾಗದವನ್ನು ಕೆಣಕಬೇಡ ಎಂಬುದು. ನಾನು ಆ ಪಾಠ ಮರೆಯದೆ, ಕಾರಣದ ಸಾಲು ಓದುವ ಗೋಜಿಗೂ ಹೋಗದೆ, ಒಂದೊಂದು ಫ್ಲ್ಯಾಟಿನ ಮುಂದೆಯೂ ಸೊನ್ನೆ ಸುತ್ತಿದ್ದೆ. ಅವು ನೂರಕ್ಕೂ ಮಿಕ್ಕಿ ಸೊನ್ನೆಗಳು. ಮುಂದಿನ ಐದು ವರ್ಷದ ಲೆಕ್ಕವನ್ನೂ ಆ ಸೊನ್ನೆಗಳ ಮೇಲೆಯೇ ಕಟ್ಟಿದ್ದೆ.

ಗ್ರಹಾಂ ಮುಂದೆ ಪೆಟ್ಟಿಗೆ ಇಟ್ಟು ಎಲ್ಲ ಹೇಳಿದೆ. ಹೊಟ್ಟೆಯಲ್ಲಿ ಕಲ್ಲು ಕೂತಂತಾಗಿತ್ತು. ಕೆಲಸ ಹೋದರೂ ಹೋಗಲಿ, ಕೌನ್ಸಿಲ್ಲಿನ ಮಾನ ಹೋದೀತೆಂಬ ಹೆದರಿಕೆ. ಅವರು ಬಹಳ ಹೊತ್ತು ಫಾರಂಗಳನ್ನು ತಿರುವಿ ಹಾಕಿದರು.

"ಇದು ನಿಮ್ಮೊಬ್ಬರ ತಪ್ಪಲ್ಲ. ನಾನೂ ಆ ಲೆಕ್ಕಕ್ಕೆ ಸಹಿ ಹಾಕಿದ್ದೇನೆ" ಎಂದರು. "ಅರ್ಹರ ಹೆಸರು ಸೇರಿಸುವುದು ಕಾನೂನು ನಮಗೆ ಹೇಳಿದ ಕೆಲಸ. ಆದರೆ ಜನ ಏನು ಹೇಳ್ತಾರೆ ಗೊತ್ತಲ್ಲ? ಭಾರತದವನು ತನ್ನವರನ್ನೆಲ್ಲ ಕರೆತಂದು ಪಟ್ಟಿಗೆ ತುಂಬಿದ ಅಂತ."

ಆದ್ದರಿಂದ ಮೂರು ಕಟ್ಟಳೆ ಹಾಕಿದರು. ಕನ್ನಡದವರನ್ನಷ್ಟೇ ಅಲ್ಲ, ಆ ಕಟ್ಟಡಗಳ ಪ್ರತಿ ಬಾಗಿಲನ್ನೂ ಮುಟ್ಟಬೇಕು. ವಾರ್ಡಿನ ಗಡಿಯ ವಿಷಯ ಯಾರ ಹತ್ತಿರವೂ ಎತ್ತಕೂಡದು. ಜೀನ್ ಅವರಿಗೆ ಒಂದು ಮಾತೂ ತಿಳಿಯಕೂಡದು. ಮೂರನೆಯದೇ ನನಗೆ ಕಷ್ಟವಾದದ್ದು. ಆಕೆ ವಾರಕ್ಕೊಮ್ಮೆ ವಾರ್ಡು ಒಡೆಯಬೇಡಿ ಎಂಬ ಸಹಿ ಸಂಗ್ರಹದ ಕಾಗದ ಹಿಡಿದು ಬರುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಸ್ವೀಕೃತಿ ಮುದ್ರೆ ಒತ್ತುತ್ತಿದ್ದೆ.

ಹೊಸ ಫಾರಂ ಅಂಚೆಯಲ್ಲಿ ಕಳಿಸಿದರೆ ಮತ್ತೆ ಅದೇ ಉತ್ತರ ಬರುವುದು ಖಂಡಿತ. ಊರಲ್ಲಾದರೆ ನಾವು ಹೇಗೆ ಮಾಡುತ್ತಿದ್ದೆವು? ಶಾಲೆಯ ಮೇಷ್ಟ್ರನ್ನು ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಮನೆಯಲ್ಲಿ ಯಾರ್‍ಯಾರಿದ್ದಾರೆಂದು ಬಾಯಿಬಿಟ್ಟು ಕೇಳಿ ಬರೆದುಕೊಳ್ಳುತ್ತಿದ್ದೆವು. ಇಲ್ಲಿ ಕಟ್ಟೆ ಎಂದರೆ ಆಸ್ಪತ್ರೆಯ ಕ್ಯಾಂಟೀನ್. ಅನುಮತಿ ಪಡೆದು, ಬಾಗಿಲ ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು, ಊಟದ ಹೊತ್ತಿಗೆ ದಿನವೂ ಕೂತೆ. ಸಂಜೆ ಕ್ವಾರ್ಟರ್ಸ್‌ನ ಮೆಟ್ಟಿಲು ಹತ್ತಿದೆ.

ಮೊದಲ ವಾರ ಯಾರೂ ಹತ್ತಿರ ಸುಳಿಯಲಿಲ್ಲ. ಕೌನ್ಸಿಲ್‌ನವನು ಮೇಜು ಹಾಕಿದ್ದಾನೆಂದರೆ ಕೌನ್ಸಿಲ್ ಟ್ಯಾಕ್ಸ್ ಕೇಳಲಿಕ್ಕೇ ಎಂದು ತಿಳಿದು ತಟ್ಟೆ ಹಿಡಿದು ಸುತ್ತುಬಳಸಿ ಹೋಗುತ್ತಿದ್ದರು. ಬಂದವರಿಗೂ ಒಂದು ಭಯ. ಅದನ್ನು ವಾಣಿಯೇ ಬಿಡಿಸಿ ಹೇಳಿದರು.

"ಊರಲ್ಲಿ ನಮ್ಮ ಹೆಸರು ವೋಟರ್ಸ್ ಲಿಸ್ಟ್‌ನಲ್ಲಿದೆ ಭಾವ. ಇಲ್ಲೂ ಬರೆಸಿದ್ರೆ ನಾವು ಇಂಡಿಯಾ ಬಿಟ್ಟುಕೊಟ್ಟ ಹಾಗೆ ಅಲ್ವಾ? ನಾಳೆ ಪಾಸ್‌ಪೋರ್ಟ್ ರಿನ್ಯೂ ಮಾಡೋಲ್ಲ ಅಂದ್ರೆ?"

"ಪಾಸ್‌ಪೋರ್ಟಿಗೂ ಇದಕ್ಕೂ ಸಂಬಂಧ ಇಲ್ಲ. ನನ್ನ ಹೆಸರು ಇಲ್ಲಿ ಸೇರಿ ನಾಲ್ಕು ವರ್ಷ ಆಯ್ತು. ಹೋದ ವರ್ಷ ನನ್ನ ಪಾಸ್‌ಪೋರ್ಟು ರಿನ್ಯೂ ಆಗಿದೆ, ಬೇಕಿದ್ದರೆ ನೋಡಿ" ಎಂದು ಮೇಜಿನ ಮೇಲಿಟ್ಟೆ.

"ಇದ್ದಕ್ಕಿದ್ದ ಹಾಗೆ ಈಗ ಯಾಕೆ ಇಷ್ಟು ಅವಸರ?"

ಗಡಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ತಪ್ಪು ಲೆಕ್ಕ ಬರೆದಿದ್ದೆ. ತಿದ್ದಬೇಕು" ಎಂದಷ್ಟೇ ಹೇಳಿದೆ. ಅವರು ಪೆನ್ನು ತೆಗೆದರು.

ಮನೆಯಲ್ಲಿ ಶೈಲಜಾಗೂ ಕಾರಣ ಹೇಳಿರಲಿಲ್ಲ. ಆಕೆ ನನ್ನ ಮುಖ ನೋಡಿಯೇ ಅರ್ಧ ಅರ್ಥ ಮಾಡಿಕೊಂಡಿದ್ದಳು.

"ಹಿಂಗ ಊಟದ ಹೊತ್ತಿಗೆ ಕುಂತ್ರ ಯಾರ್ ಬರ್ತಾರ್ರೀ? ಡಾಕ್ಟರ್ ಮಂದಿಗೆ ಉಣ್ಣಾಕ ಹತ್ತು ನಿಮಿಷ ಸಿಗೂದಿಲ್ಲ. ಆಪರೇಷನ್ ಥಿಯೇಟರ್ ಮುಗಿಸಿ ಚಹಾ ಕುಡಿಯೂ ಹೊತ್ತಿಗೆ ಬರ್ರಿ. ನಾನು ನಾಲ್ಕು ಮಂದಿಗೆ ಹೇಳ್ತೀನಿ."

"ನೀ ಯಾರಿಗೂ ಏನೂ ಹೇಳಬ್ಯಾಡ. ಕಾಯ್ದೆ ಪ್ರಕಾರ ಆಗಬೇಕು."

"ಆಹಾ, ಕಾಯ್ದೆ! ಚಹಾದ ಹೊತ್ತು ಹೇಳೂದು ಯಾವ ಕಾಯ್ದ್ಯಾಗ ತಪ್ಪೈತ್ರಿ?"

ಅವಳು ಹೇಳಿದ್ದು ಸರಿ. ಮೇಜನ್ನು ಚಹಾದ ಹೊತ್ತಿಗೆ ಬದಲಾಯಿಸಿದ ಮೇಲೆ ಜನ ಬರತೊಡಗಿದರು. ಆಂಧ್ರದ, ತಮಿಳುನಾಡಿನ ಡಾಕ್ಟರುಗಳು, ಕೇರಳದ ನರ್ಸುಗಳು, ನೈಜೀರಿಯಾದ ಒಬ್ಬ ಸರ್ಜನ್, ಶ್ರೀಲಂಕಾದ ದಂಪತಿ. ಫಿಲಿಪೀನ್ಸ್‌ನ ನರ್ಸುಗಳು ಆಸೆಯಿಂದ ಬಂದು, ತಮ್ಮ ದೇಶ ಕಾಮನ್‌ವೆಲ್ತಿನಲ್ಲಿಲ್ಲವೆಂದು ತಿಳಿದು ಹಿಂತಿರುಗಿದಾಗ ನನಗೇ ಪಿಚ್ಚೆನಿಸಿತು. ಗಂಡಸರು ಮನೆಯ ಯಜಮಾನನ ಹೆಸರು ಸಾಕೆಂದು ತಮ್ಮದೊಂದನ್ನೇ ಬರೆದುಕೊಟ್ಟಾಗ, ಮನೆಯಲ್ಲಿ ಇನ್ಯಾರಿದ್ದಾರೆಂದು ಮತ್ತೆ ಮತ್ತೆ ಕೇಳಿದೆ. ಹಾಗೆ ಕೇಳಿದ್ದಕ್ಕೇ ಎಷ್ಟೋ ಹೆಂಡತಿಯರ, ಬಂದು ನೆಲೆಸಿದ ತಾಯಂದಿರ ಹೆಸರು ಸಿಕ್ಕವು. ಅದೃಷ್ಟಕ್ಕೆ ಹಿಂದಿನ ವರ್ಷವಷ್ಟೇ ಹೊಸ ಪದ್ಧತಿ ಬಂದು, ಯಾವ ತಿಂಗಳಲ್ಲಿ ಬೇಕಾದರೂ ಪಟ್ಟಿಗೆ ಹೆಸರು ಸೇರಿಸಬಹುದಾಗಿತ್ತು.

ಎಂಟನೆಯ ವಾರದ ಹೊತ್ತಿಗೆ ಮುನ್ನೂರ ಹನ್ನೆರಡು ಹೆಸರು ಪಟ್ಟಿ ಸೇರಿದವು. ನಾನು ಮೂರು ಸಲ ಎಣಿಸಿದೆ, ಗ್ರಹಾಂ ಒಂದು ಸಲ. ಆಮೇಲೆ ಇಬ್ಬರೂ ಕೂತು ಸಮಿತಿಗೆ ಪತ್ರ ಬರೆದೆವು. ಮೊದಲು ಕಳಿಸಿದ ಲೆಕ್ಕ ತಪ್ಪು, ತಪ್ಪು ಎಲ್ಲಿ ಆಯಿತು, ಹೇಗೆ ತಿದ್ದಿದೆವು, ಫಾರಂಗಳನ್ನು ಯಾರು ಬೇಕಾದರೂ ಬಂದು ಪರೀಕ್ಷಿಸಬಹುದು. ಚೇನ್‌ಯಾರ್ಡನ್ನು ಉಳಿಸಿ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಸಮಿತಿಯ ಇಬ್ಬರು ನಿಜಕ್ಕೂ ಬಂದು, ಇಡೀ ದಿನ ಕೂತು, ಪೆಟ್ಟಿಗೆ ಪೂರ್ತಿ ತಿರುವಿ ಹೋದರು. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

ಅಂತಿಮ ವರದಿ ತಿಂಗಳುಗಟ್ಟಲೆ ಬರಲಿಲ್ಲ. ಬಂದ ದಿನ ಗ್ರಹಾಂ ಲಕೋಟೆ ಒಡೆದು, ಓದಿ, ನಕ್ಷೆಯ ಪುಟವನ್ನು ನನ್ನ ಕಡೆ ತಳ್ಳಿದರು. ಹೈಸ್ಟ್ರೀಟಿನ ಮೇಲೆ ಗೆರೆ ಇರಲಿಲ್ಲ. ಚೇನ್‌ಯಾರ್ಡ್ ಇಡಿಯಾಗಿ ಇತ್ತು. ನಾನು ಟಾಯ್ಲೆಟ್ಟಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಅತ್ತಿದ್ದೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಜೀನ್ ಅವರಿಗೆ ನನ್ನ ತಪ್ಪು ತಿಳಿದದ್ದೂ ಆ ವರದಿಯಿಂದಲೇ. ಬಂದು ಮೇಜಿನ ಮುಂದೆ ನಿಂತು, "ಸರಿಯಾಗಿದೆ ಮೇಡಂ ಅಂದಿದ್ದಿರಿ" ಎಂದು ನನ್ನ ದನಿಯಲ್ಲೇ ಅಣಕಿಸಿ, ಬಿಸ್ಕತ್ತಿನ ಡಬ್ಬಿ ಇಟ್ಟು ಹೋದರು.

2004ರ ಜೂನ್‌ನಲ್ಲಿ ಹೊಸ ಗಡಿಗಳ ಪ್ರಕಾರ ಚುನಾವಣೆ. ವಾರ್ಡಿಗೆ ಮೂರು ಸ್ಥಾನ. ಚೇನ್‌ಯಾರ್ಡಿನಲ್ಲಿ ಜೀನ್ ನಾಲ್ಕನೆಯವರಾದರು. ಮರುಎಣಿಕೆಯ ನಂತರವೂ ಹತ್ತೊಂಬತ್ತು ಓಟಿನ ಅಂತರ ಉಳಿಯಿತು. ನನ್ನ ಮನಸ್ಸು ತಕ್ಷಣ ಆ ಮುನ್ನೂರ ಹನ್ನೆರಡರ ಕಡೆಗೆ ಓಡಿತು. ಆಕೆಗಾಗಿ ವಾರ್ಡು ಉಳಿಸಿದ ಹೆಸರುಗಳೇ ಆಕೆಯನ್ನು ಮನೆಗೆ ಕಳಿಸಿದವೇನೋ! ಎಣಿಕೆಯ ಹಾಲ್‌ನಲ್ಲಿ ಆಕೆ ನನ್ನ ಕಡೆಗೇ ನಡೆದು ಬರುವುದು ಕಂಡು ಎಲ್ಲಾದರೂ ಅಡಗಿಕೊಳ್ಳೋಣ ಎನಿಸಿತು.

"ನಿಮ್ಮ ಡಾಕ್ಟರುಗಳ ಕೆಲಸವಾ ಇದು?" ಎಂದರು.

"ಯಾರು ಯಾರಿಗೆ ಹಾಕಿದರೋ ನನಗೆ ಗೊತ್ತಿಲ್ಲ ಮೇಡಂ. ಗೊತ್ತಾಗಲೂ ಬಾರದು."

ಅವರು ನನ್ನ ಕೈ ಹಿಡಿದು ಜೋರಾಗಿ ಕುಲುಕಿದರು. "ಅದೇ ಸರಿ, ಬ್ಯಾಬ್. ಸೋಲಿಸಿದವರು ಚೇನ್‌ಯಾರ್ಡಿನವರೇ ತಾನೆ? ಕಾಲುವೆಯಾಚೆಯವರಲ್ಲವಲ್ಲ. ನಾನು ಕೇಳಿದ್ದು ಅಷ್ಟೇ."

ಪಟ್ಟಿ ಬರೆಯುವವನು ಎಣಿಸಬೇಕಾದ್ದು ತಲೆಗಳನ್ನು. ಆ ತಲೆಗಳೊಳಗೆ ಏನಿದೆ ಎಂಬುದು ಅವನಿಗೆ ಸೇರಿದ್ದಲ್ಲ. ಮುಂದೆ ಕೆಲಸಕ್ಕೆ ಬಂದ ಹೊಸಬರಿಗೆಲ್ಲ ನಾನು ಇದನ್ನೇ ಹೇಳಿಕೊಟ್ಟೆ. ಜೊತೆಗೆ, ಸಹಿ ಬಿದ್ದ ಕಾಗದವನ್ನು ಕೆಣಕಿ ನೋಡಿ ಎಂದೂ ಹೇಳಿದೆ. ಆದರೆ ತಲೆಗಳ ಬಗೆಗಿನ ಆ ಮಾತನ್ನು ನನಗೆ ಕಲಿಸಿದವರು ಸೋತ ದಿನವೇ ನನ್ನ ಕೈ ಕುಲುಕಿದ ಹೆಂಗಸು. ಎರಡು ವರ್ಷದಿಂದ ಹೊಟ್ಟೆಯಲ್ಲಿದ್ದ ಕಲ್ಲು ಕರಗಿದ್ದು ವರದಿ ಬಂದ ದಿನವಲ್ಲ, ಆ ಮಧ್ಯಾಹ್ನ.